ಯಾವ ಕೆಲಸಕ್ಕೆ ಯಾವ ಫೆರೈಟ್: ಕೋರ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಬೆಳಗಾವಿಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ "ಇಇ42 ಕೋರ್ ಒಂದು ಜೊತೆ ಕೊಡಿ" ಎಂದು ಕೇಳುವವರನ್ನು ಪದೇ ಪದೇ ನೋಡುತ್ತೇನೆ. ಕೋರ್ ಎಂದರೆ ಟ್ರಾನ್ಸ್‌ಫಾರ್ಮರಿನ ತಂತಿ ಸುರುಳಿಯೊಳಗಿನ ಕಾಂತೀಯ ತಿರುಳು; ಇಇ42 ಎಂಬುದು E ಆಕಾರದ ಎರಡು ತುಂಡುಗಳು ಸೇರಿ ಆಗುವ ಕೋರಿನ ಒಂದು ಅಳತೆ. ಅಂಗಡಿಯವರು ಡಬ್ಬಿ ತೆರೆದು ಎರಡು ಕಪ್ಪು ತುಂಡುಗಳನ್ನು ಕೈಗಿಡುತ್ತಾರೆ, ವ್ಯಾಪಾರ ಮುಗಿಯುತ್ತದೆ. ಕೇಳಿದವರು ಹೇಳಿದ್ದು ಅಳತೆಯನ್ನು ಮಾತ್ರ. ಆ ತುಂಡು ಯಾವ ವಸ್ತುವಿನದು, ಎಷ್ಟು ಆವರ್ತನಕ್ಕೆಂದು ಮಾಡಿದ್ದು, ನೂರು ಡಿಗ್ರಿ ಬಿಸಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಮಾತೇ ಬರುವುದಿಲ್ಲ. ಮುಂದೆ ಇನ್ವರ್ಟರಿನಲ್ಲಿ ಪ್ರವಾಹವನ್ನು ಸ್ವಿಚ್ ಮಾಡುವ ಮಾಸ್ಫೆಟ್‌ಗಳು ಒಂದರ ಹಿಂದೊಂದು ಸುಟ್ಟಾಗ ದೂರೆಲ್ಲ ಮಾಸ್ಫೆಟ್‌ಗಳ ಮೇಲೆ ಬೀಳುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇನ್ವರ್ಟರ್ ಕಟ್ಟುವವರು, ಸೋಲಾರ್ ಪಂಪಿನ ಕಂಟ್ರೋಲರ್ ದುರಸ್ತಿ ಮಾಡುವವರು, ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದು ಓಡಾಡುವ ಡಿಪ್ಲೊಮಾ ಹಾಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಹಳ ಜನರಿದ್ದಾರೆ. ಅವರೆಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಆಕಾರವನ್ನು ಕೊನೆಗೆ ನೋಡಿ, ವಸ್ತುವನ್ನು ಮೊದಲು ನೋಡಿ. ವಸ್ತುವನ್ನು ಆರಿಸಲು ಮೂರು ಪ್ರಶ್ನೆ ಸಾಕು. ಆವರ್ತನ ಎಷ್ಟು? ಸುರುಳಿಯಲ್ಲಿ ಡಿಸಿ ಪ್ರವಾಹ ಹರಿಯುತ್ತದೆಯೇ? ಕೋರ್ ಶಕ್ತಿಯನ್ನು ದಾಟಿಸಬೇಕೋ, ಹಿಡಿದಿಡಬೇಕೋ, ಇಲ್ಲವೇ ಬೇಡದ ವಿದ್ಯುತ್ ಗದ್ದಲವನ್ನು ಸುಟ್ಟು ಹಾಕಬೇಕೋ?

ಫೆರೈಟ್ ಎಂದರೆ ಏನು

ಫೆರೈಟ್ ಲೋಹವಲ್ಲ. ಕಬ್ಬಿಣದ ಆಕ್ಸೈಡಿನ ಜೊತೆಗೆ ಮ್ಯಾಂಗನೀಸ್, ಸತು, ನಿಕ್ಕಲ್ ಮುಂತಾದವುಗಳ ಆಕ್ಸೈಡುಗಳನ್ನು ಬೆರೆಸಿ, ಪುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, 1200ರಿಂದ 1400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟು ಮಾಡುವ ವಸ್ತು ಇದು. ಕುಂಬಾರನ ಮಡಕೆಯಂತೆ ಆವಿಗೆಯಲ್ಲಿ ಗಟ್ಟಿಯಾಗುತ್ತದೆ, ಮಡಕೆಯಂತೆಯೇ ಕೆಳಗೆ ಬಿದ್ದರೆ ಒಡೆಯುತ್ತದೆ. 1930ರಲ್ಲಿ ಟೋಕಿಯೋದಲ್ಲಿ ಯೋಗೋರೊ ಕಾಟೊ ಮತ್ತು ತಾಕೇಶಿ ತಾಕೇಯಿ ಇದನ್ನು ರೂಪಿಸಿದರು. ಅದನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ನೆದರ್ಲೆಂಡ್ಸಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ 1940ರ ದಶಕದಲ್ಲಿ ಮ್ಯಾಂಗನೀಸ್-ಸತು ಮತ್ತು ನಿಕ್ಕಲ್-ಸತು ಬಗೆಗಳನ್ನು ಬೆಳೆಸಿದರು. ಇದರೊಳಗಿನ ಕಾಂತತ್ವ ಹೇಗೆ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಲೂಯಿ ನೀಲ್ 1948ರಲ್ಲಿ ವಿವರಿಸಿದರು. 1970ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇಷ್ಟೆಲ್ಲ ಶ್ರಮಕ್ಕೆ ಕಾರಣ ಒಂದೇ ಗುಣ. ಫೆರೈಟ್ ಕಾಂತೀಯ ವಸ್ತುವಾದರೂ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಕೋರ್ ಒಳಗೆ ಕಾಂತಕ್ಷೇತ್ರ ಏರಿಳಿದಾಗ ಸುಳಿ ಪ್ರವಾಹಗಳು ಏಳುತ್ತವೆ. ಉಕ್ಕಿನಲ್ಲಿ ಅವು ಸಲೀಸಾಗಿ ಹರಿದು ಕೋರನ್ನು ಕಾಯಿಸುತ್ತವೆ. ಅದನ್ನು ತಡೆಯಲು 0.35 ಅಥವಾ 0.5 ಮಿಲಿಮೀಟರ್ ದಪ್ಪದ ಸಿಲಿಕಾನ್ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಆವರ್ತನ ಹತ್ತಾರು ಕಿಲೋಹರ್ಟ್ಜ್‌ಗೆ ಏರಿದರೆ ಆ ತಗಡುಗಳಿಂದಲೂ ಆಗುವುದಿಲ್ಲ. ಅಲ್ಲಿಂದ ಮುಂದೆ ಫೆರೈಟಿನ ರಾಜ್ಯ.

ಸಿಲಿಕಾನ್ ಉಕ್ಕೋ, ಫೆರೈಟೋ

ಉಕ್ಕಿನ ದೊಡ್ಡ ಬಲ ಸ್ಯಾಚುರೇಶನ್, ಅಂದರೆ ಇನ್ನಷ್ಟು ಕಾಂತಕ್ಷೇತ್ರವನ್ನು ಹೊರಲಾರದೆ ಕೋರ್ ತುಂಬಿಹೋಗುವ ಮಿತಿ. ಸಿಲಿಕಾನ್ ಉಕ್ಕು ಸುಮಾರು 2 ಟೆಸ್ಲಾದವರೆಗೆ ಕಾಂತಕ್ಷೇತ್ರವನ್ನು ಹೊರುತ್ತದೆ. ಪವರ್ ಫೆರೈಟ್ ಹೊರುವುದು 0.5 ಟೆಸ್ಲಾದ ಆಸುಪಾಸು, ಬಿಸಿಯಾದಾಗ ಇನ್ನೂ ಕಡಿಮೆ. ಹಾಗಿದ್ದರೂ ಫೆರೈಟ್ ಗೆಲ್ಲುವುದೇಕೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ.

E ಆಕಾರದ ಇಟಿಡಿ39 ಎಂಬ ಕೋರಿನ ನಡುಗಾಲಿನ ಅಡ್ಡಕೊಯ್ತ 125 ಚದರ ಮಿಲಿಮೀಟರ್. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ, ಪ್ರೈಮರಿ ಎಂಬ ಒಳಬರುವ ಸುರುಳಿಯ ಎರಡು ಅರ್ಧಗಳಿಗೆ ಸರದಿಯಂತೆ ಪ್ರವಾಹ ಹರಿಸುವ ಪುಶ್-ಪುಲ್ ಇನ್ವರ್ಟರ್, 50 ಕಿಲೋಹರ್ಟ್ಜ್ ಚೌಕ ಅಲೆ, ಕೋರ್ ಒಳಗಿನ ಕ್ಷೇತ್ರ 0.2 ಟೆಸ್ಲಾ ಎಂದಿಟ್ಟುಕೊಂಡರೆ ಪ್ರೈಮರಿಯ ಪ್ರತಿ ಅರ್ಧಕ್ಕೆ ಬೇಕಾದ ಸುತ್ತು 2.4. ಅಂದರೆ 3 ಸುತ್ತು ಹಾಕುತ್ತೇವೆ, ಆಗ ಕ್ಷೇತ್ರ 0.16 ಟೆಸ್ಲಾಕ್ಕೆ ಇಳಿಯುತ್ತದೆ. ಅಷ್ಟೇ ಅಡ್ಡಕೊಯ್ತದ ಉಕ್ಕಿನ ಕೋರನ್ನು ಸೈನ್ ಅಲೆಯ 50 ಹರ್ಟ್ಜ್‌ನಲ್ಲಿ, ಉಕ್ಕಿಗೆ ಒಪ್ಪುವ 1.2 ಟೆಸ್ಲಾದಲ್ಲಿ ನಡೆಸಿದರೆ ಅದೇ 12 ವೋಲ್ಟಿಗೆ 360 ಸುತ್ತು ಬೇಕು. ಮೂರು ಎಲ್ಲಿ, ಮುನ್ನೂರ ಅರವತ್ತು ಎಲ್ಲಿ! ಅಷ್ಟು ಸುತ್ತಿಗೆ ದಪ್ಪ ತಂತಿ ಹಾಕಲು ಆ ಕೋರಿನ ಕಿಟಕಿಯಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೇ 50 ಹರ್ಟ್ಜ್ ಟ್ರಾನ್ಸ್‌ಫಾರ್ಮರ್ ಎತ್ತಲು ಎರಡು ಕೈ ಬೇಕು, ಅದೇ ಶಕ್ತಿಯ ಫೆರೈಟ್ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಕೂರುತ್ತದೆ.

ಹಾಗೆಂದು ಎಲ್ಲ ಕಡೆಯೂ ಫೆರೈಟನ್ನೇ ತುರುಕಬಾರದು. ಬೆಳಗಾವಿ ಫೌಂಡ್ರಿಗಳ ಊರು. ಇಲ್ಲಿನ ಇಂಡಕ್ಷನ್ ಕುಲುಮೆಗಳ ಸುರುಳಿಯ ಸುತ್ತ ನಿಲ್ಲಿಸುವ ಕಾಂತೀಯ ಯೋಕ್‌ಗಳು ಇಂದಿಗೂ ತಗಡು ಜೋಡಿಸಿದ ಉಕ್ಕಿನವು. ಅಲ್ಲಿ ಆವರ್ತನ ಸಾಮಾನ್ಯವಾಗಿ ಒಂದು ಕಿಲೋಹರ್ಟ್ಜ್‌ನ ಒಳಗೆ ಅಥವಾ ಆಸುಪಾಸಿನಲ್ಲಿರುತ್ತದೆ, ಹೊರಬೇಕಾದ ಕ್ಷೇತ್ರ ದೊಡ್ಡದು. ಅದೇ ಅಡುಗೆಮನೆಯ ಇಂಡಕ್ಷನ್ ಒಲೆಯ ಸುರುಳಿಯನ್ನು ತಿರುಗಿಸಿ ನೋಡಿದರೆ ಕೆಳಗೆ ಅಂಟಿಸಿದ ಫೆರೈಟ್ ಪಟ್ಟಿಗಳು ಕಾಣುತ್ತವೆ, ಏಕೆಂದರೆ ಅಲ್ಲಿ ಆವರ್ತನ 20 ಕಿಲೋಹರ್ಟ್ಜ್‌ಗಿಂತ ಮೇಲೆ. ಕಾಯಿಸುವ ಕೆಲಸ ಎರಡರಲ್ಲೂ ಒಂದೇ, ಆವರ್ತನ ಬೇರೆಯಾದದ್ದರಿಂದ ವಸ್ತು ಬೇರೆಯಾಯಿತು.

ಮ್ಯಾಂಗನೀಸ್-ಸತು ಮತ್ತು ನಿಕ್ಕಲ್-ಸತು

ಅಂಗಡಿಯಲ್ಲಿ ಸಿಗುವ, ಕಾಂತತ್ವವನ್ನು ಹಿಡಿದಿಟ್ಟುಕೊಳ್ಳದ ಮೃದು ಫೆರೈಟ್‌ಗಳು ಬಹುಪಾಲು ಈ ಎರಡು ಕುಟುಂಬಕ್ಕೆ ಸೇರಿದವು. ಕಣ್ಣಿಗೆ ಎರಡೂ ಕಪ್ಪು-ಬೂದು ಬಣ್ಣ. ಗುಣದಲ್ಲಿ ಅಜಗಜಾಂತರ.

ಮ್ಯಾಂಗನೀಸ್-ಸತು ಫೆರೈಟಿನ ಪರ್ಮಿಯಬಿಲಿಟಿ, ಅಂದರೆ ಕಾಂತಕ್ಷೇತ್ರವನ್ನು ತನ್ನೊಳಗೆ ಸಲೀಸಾಗಿ ಹಾಯಿಸುವ ಗುಣ, ದೊಡ್ಡದು. ಪವರ್ ದರ್ಜೆಗಳಲ್ಲಿ 2000ದಿಂದ 3000, ಸಿಗ್ನಲ್ ಮತ್ತು ಫಿಲ್ಟರ್ ದರ್ಜೆಗಳಲ್ಲಿ 5000, 10000, ಕೆಲವು ಕಡೆ 15000. ಆದರೆ ಇದು ವಿದ್ಯುತ್ತನ್ನು ತಕ್ಕಮಟ್ಟಿಗೆ ಹರಿಯಗೊಡುತ್ತದೆ. ಹೀಗಾಗಿ ಪವರ್ ಕೆಲಸಕ್ಕೆ ಸುಮಾರು 20 ಕಿಲೋಹರ್ಟ್ಜ್‌ನಿಂದ ಒಂದು ಮೆಗಾಹರ್ಟ್ಜ್‌ವರೆಗೆ ಇದರ ವ್ಯಾಪ್ತಿ. ಮೊಬೈಲ್ ಚಾರ್ಜರ್, ಎಲ್‌ಇಡಿ ಡ್ರೈವರ್, ಟಿವಿಯ ಪವರ್ ಬೋರ್ಡ್, ವೆಲ್ಡಿಂಗ್ ಇನ್ವರ್ಟರ್, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಎಲ್ಲದರ ಮುಖ್ಯ ಟ್ರಾನ್ಸ್‌ಫಾರ್ಮರ್ ಇದರದೇ.

ನಿಕ್ಕಲ್-ಸತು ಫೆರೈಟಿನ ವಿದ್ಯುತ್ ರೋಧ ಇದಕ್ಕಿಂತ ಲಕ್ಷಪಟ್ಟು ಹೆಚ್ಚಿರಬಹುದು. ಪರ್ಮಿಯಬಿಲಿಟಿ ಮಾತ್ರ ಚಿಕ್ಕದು, ಹತ್ತಾರಿನಿಂದ ಒಂದೆರಡು ಸಾವಿರದವರೆಗೆ. ಕೆಲವು ಮೆಗಾಹರ್ಟ್ಜ್‌ನಿಂದ ನೂರಾರು ಮೆಗಾಹರ್ಟ್ಜ್‌ವರೆಗಿನ ಕೆಲಸಕ್ಕೆ ಇದು ಸರಿ: ರೇಡಿಯೋ ಆವರ್ತನದ ಟ್ರಾನ್ಸ್‌ಫಾರ್ಮರ್, ಆಂಟೆನಾವನ್ನು ಕೇಬಲ್ಲಿಗೆ ಹೊಂದಿಸುವ ಬಲುನ್, ಕೇಬಲ್ಲಿನ ತುದಿಯ ಉಬ್ಬು, ಬೋರ್ಡಿನ ಮೇಲಿನ ಮಣಿ. ಇದನ್ನು ಸಾಮಾನ್ಯ ಎಸ್‌ಎಂಪಿಎಸ್ ಟ್ರಾನ್ಸ್‌ಫಾರ್ಮರಿಗೆ ಹಾಕಿದರೆ ಪರ್ಮಿಯಬಿಲಿಟಿ ಸಾಲದೆ, ಕೋರನ್ನು ಕಾಂತಗೊಳಿಸಲೆಂದೇ ಹರಿಯುವ ಮ್ಯಾಗ್ನೆಟೈಸಿಂಗ್ ಪ್ರವಾಹ ಏರುತ್ತದೆ, ಸ್ಯಾಚುರೇಶನ್ ಕೂಡ ಬೇಗ ಬರುತ್ತದೆ.

"ಪರ್ಮಿಯಬಿಲಿಟಿ ಜಾಸ್ತಿ ಇದ್ದಷ್ಟೂ ಕೋರ್ ಒಳ್ಳೆಯದು" ಎಂಬ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು, ಹಾಗೂ ದುಬಾರಿ ತಪ್ಪು. ಪರ್ಮಿಯಬಿಲಿಟಿ ಏರಿದಂತೆ ಕೋರ್ ಕೆಲಸ ಮಾಡುವ ಆವರ್ತನದ ಮಿತಿ ಇಳಿಯುತ್ತದೆ. ಈ ನಿಯಮಕ್ಕೆ ಸ್ನೂಕ್ ಅವರ ಹೆಸರೇ ಇದೆ. 2200ರ ಪವರ್ ದರ್ಜೆ ಮೆಗಾಹರ್ಟ್ಜ್ ದಾಟುವವರೆಗೂ ತನ್ನ ಪರ್ಮಿಯಬಿಲಿಟಿ ಉಳಿಸಿಕೊಂಡರೆ, 10000ದ ದರ್ಜೆ ಕೆಲವು ನೂರು ಕಿಲೋಹರ್ಟ್ಜ್‌ಗೇ ಕುಸಿಯತೊಡಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕ್ಯೂರಿ ತಾಪ. ಆ ಬಿಸಿಯನ್ನು ಮುಟ್ಟಿದರೆ ಕೋರ್ ತನ್ನ ಕಾಂತೀಯ ಗುಣವನ್ನೇ ಕಳೆದುಕೊಳ್ಳುತ್ತದೆ. ಎನ್87ರಂತಹ ಪವರ್ ದರ್ಜೆಯಲ್ಲಿ ಅದು 210 ಡಿಗ್ರಿಗಿಂತ ಮೇಲಿದೆ. 10000ದ ಆಸುಪಾಸಿನ ದರ್ಜೆಗಳಲ್ಲಿ 130 ಡಿಗ್ರಿಯ ಸುತ್ತಮುತ್ತ. ಫಿಲ್ಟರಿಗೆ ಮಾಡಿದ ಆ ಕೋರನ್ನು ಇನ್ವರ್ಟರಿನ ಟ್ರಾನ್ಸ್‌ಫಾರ್ಮರಿಗೆ ಹಾಕಿ ಲೋಹದ ಡಬ್ಬಿಯೊಳಗೆ ಮುಚ್ಚಿದರೆ ಏನಾಗುತ್ತದೆಂದು ಊಹಿಸಬಹುದು.

ಗುರುತು ಇಲ್ಲದ ಕೋರನ್ನು ಪತ್ತೆ ಮಾಡುವುದು

ನಮ್ಮ ಕಡೆಯ ದುರಸ್ತಿ ಅಂಗಡಿಗಳಲ್ಲಿ ಕೋರ್‌ಗಳು ಹೆಚ್ಚಾಗಿ ಹಳೆಯ ಬೋರ್ಡುಗಳಿಂದ ಬಿಚ್ಚಿದವು. ಮೇಲೆ ಯಾವ ಗುರುತೂ ಇರುವುದಿಲ್ಲ. ಅವನ್ನು ಬಿಸಾಡಬೇಕಿಲ್ಲ, ಎರಡು ಸುಲಭ ಪರೀಕ್ಷೆಗಳಿವೆ.

ಮೊದಲನೆಯದಕ್ಕೆ ಮಲ್ಟಿಮೀಟರ್ ಸಾಕು. ಬಣ್ಣ ಬಳಿಯದ, ನುಣುಪಾಗಿ ಅರೆದ ಮುಖದ ಮೇಲೆ ಎರಡೂ ತುದಿಗಳನ್ನು ಒತ್ತಿ ಹಿಡಿದು ರೋಧ ಅಳೆಯಿರಿ. ಕೆಲವು ಕಿಲೋಓಮ್‌ನಿಂದ ಕೆಲವು ಲಕ್ಷ ಓಮ್‌ವರೆಗಿನ ಯಾವುದಾದರೂ ಅಂಕಿ ಬಂದರೆ ಅದು ಮ್ಯಾಂಗನೀಸ್-ಸತು. ಮೀಟರ್ ಏನೂ ತೋರಿಸದೆ ತೆರೆದ ಸರ್ಕ್ಯೂಟ್ ಎಂದರೆ ನಿಕ್ಕಲ್-ಸತು ಇರುವ ಸಂಭವ ಹೆಚ್ಚು. ಬಣ್ಣದ ಲೇಪನವಿದ್ದರೆ ಒಂದು ಮೂಲೆಯಲ್ಲಿ ಕೆರೆದು ನೋಡಬೇಕು.

ಎರಡನೆಯದು ಹತ್ತು ಸುತ್ತಿನ ಪರೀಕ್ಷೆ. ಉಂಗುರದ ಕೋರಿಗೆ ಹತ್ತು ಸುತ್ತು ತಂತಿ ಹಾಕಿ ಎಲ್‌ಸಿಆರ್ ಮೀಟರಿನಲ್ಲಿ ಇಂಡಕ್ಟನ್ಸ್ (ಪ್ರವಾಹದ ಏರಿಳಿತವನ್ನು ಸುರುಳಿ ಎಷ್ಟು ತಡೆಯುತ್ತದೆ ಎಂಬುದರ ಅಂಕಿ) ಅಳೆಯಿರಿ. ಹೊರವ್ಯಾಸ 25, ಒಳವ್ಯಾಸ 15, ಎತ್ತರ 10 ಮಿಲಿಮೀಟರ್ ಇರುವ ಉಂಗುರವಾದರೆ ಲೆಕ್ಕ ಬಹಳ ಸುಲಭ: ಮೈಕ್ರೋಹೆನ್ರಿಯಲ್ಲಿ ಬಂದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅದೇ ಪರ್ಮಿಯಬಿಲಿಟಿ. 220 ಬಂದರೆ 2200, ಪವರ್ ಫೆರೈಟ್. 1000 ಬಂದರೆ 10000, ಫಿಲ್ಟರ್ ಫೆರೈಟ್. 12 ಬಂದರೆ 120ರ ಆಸುಪಾಸು, ರೇಡಿಯೋ ಆವರ್ತನದ ನಿಕ್ಕಲ್-ಸತು ಇರಬಹುದು. 7.5 ಬಂದರೆ 75, ಅದು ಫೆರೈಟೇ ಅಲ್ಲದೆ ಕಬ್ಬಿಣದ ಪುಡಿಯ ಕೋರ್ ಆಗಿರಬಹುದು. ಬೇರೆ ಅಳತೆಯ ಉಂಗುರಕ್ಕೆ ಅಡ್ಡಕೊಯ್ತ ಮತ್ತು ಸರಾಸರಿ ಸುತ್ತಳತೆಗಳನ್ನು ಹಾಕಿ ಲೆಕ್ಕ ತೆಗೆಯಬೇಕು. ಫೆರೈಟಿನ ಪರ್ಮಿಯಬಿಲಿಟಿಯಲ್ಲಿ ನೂರಕ್ಕೆ 20ರಿಂದ 25ರಷ್ಟು ಏರುಪೇರು ಸಹಜ, ಆದ್ದರಿಂದ 2200 ಎಂದಿರುವ ಕೋರ್ 1800 ತೋರಿಸಿದರೆ ಗಾಬರಿಯಾಗಬೇಕಿಲ್ಲ.

ಇಇ ಅಥವಾ ಇಟಿಡಿ ಕೋರಿನಲ್ಲಿ ಈ ಪರೀಕ್ಷೆ ಮಾಡುವಾಗ ಎರಡೂ ಅರ್ಧಗಳು ಕೂಡುವ ಮುಖ ಸ್ವಚ್ಛವಾಗಿರಬೇಕು. ಕೂದಲೆಳೆಯಷ್ಟು ಹಳೆಯ ಅಂಟು ಉಳಿದರೂ ಅಂಕಿ ಅರ್ಧಕ್ಕೆ ಇಳಿದೀತು.

ಡಿಸಿ ಹರಿಯುವ ಕಡೆ: ಗ್ಯಾಪ್ ಇರುವ ಫೆರೈಟ್, ಕಬ್ಬಿಣದ ಪುಡಿ, ಸೆಂಡಸ್ಟ್

ಅತಿ ಹೆಚ್ಚು ಕೋರ್‌ಗಳು ತಪ್ಪಾಗಿ ಬಳಕೆಯಾಗುವ ಜಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪುಶ್-ಪುಲ್ ಅಥವಾ ಬ್ರಿಡ್ಜ್ ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ಆ ಕ್ಷಣಕ್ಕೇ ದಾಟಿಸುತ್ತದೆ. ಅದಕ್ಕೆ ಗ್ಯಾಪ್ ಬೇಡ. ಆದರೆ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್, ಸೋಲಾರ್ ಚಾರ್ಜ್ ಕಂಟ್ರೋಲರಿನ ಚೋಕ್, ಬೂಸ್ಟ್ ಸರ್ಕ್ಯೂಟಿನ ಸುರುಳಿ ಇವೆಲ್ಲ ಶಕ್ತಿಯನ್ನು ಒಂದು ಕ್ಷಣ ಹಿಡಿದಿಟ್ಟು ಆಮೇಲೆ ಬಿಡಬೇಕು. ಆ ಶಕ್ತಿ ಬಹುಮಟ್ಟಿಗೆ ಕೂಡಿಕೊಳ್ಳುವುದು ಫೆರೈಟಿನಲ್ಲಿ ಅಲ್ಲ, ಎರಡು ತುಂಡುಗಳ ನಡುವೆ ಬಿಟ್ಟ ಗಾಳಿಯ ಗ್ಯಾಪಿನಲ್ಲಿ.

ಅದೇ ಇಟಿಡಿ39 ಕೋರನ್ನು ತೆಗೆದುಕೊಳ್ಳಿ, 40 ಸುತ್ತು ಹಾಕಿ. ಗ್ಯಾಪ್ ಇಲ್ಲದಿದ್ದರೆ ಇಂಡಕ್ಟನ್ಸ್ ಸುಮಾರು 4.3 ಮಿಲಿಹೆನ್ರಿ ಬರುತ್ತದೆ. ನೋಡಲು ಭರ್ಜರಿ ಅಂಕಿ. ಆದರೆ ಸ್ಯಾಚುರೇಶನ್ ತಪ್ಪಿಸಲು ಇಟ್ಟುಕೊಂಡ 0.35 ಟೆಸ್ಲಾ ಮಿತಿಯನ್ನು ಅದು ಕೇವಲ 0.4 ಆಂಪಿಯರ್‌ಗೇ ಮುಟ್ಟುತ್ತದೆ. ನಡುಗಾಲಿನಲ್ಲಿ 0.5 ಮಿಲಿಮೀಟರ್ ಗ್ಯಾಪ್ ಕೊಟ್ಟರೆ ಇಂಡಕ್ಟನ್ಸ್ 500 ಮೈಕ್ರೋಹೆನ್ರಿಯ ಆಸುಪಾಸಿಗೆ ಇಳಿಯುತ್ತದೆ, ಮಿತಿ 3.5 ಆಂಪಿಯರ್‌ಗೆ ಏರುತ್ತದೆ. ಕೋರ್ ಅದೇ, ತಂತಿ ಅದೇ, ಅರ್ಧ ಮಿಲಿಮೀಟರ್ ಗಾಳಿಯಿಂದ ಇಷ್ಟು ವ್ಯತ್ಯಾಸ. ಬೋರ್ಡಿನಿಂದ ಬಿಚ್ಚಿದ ಕೋರಿನ ನಡುಗಾಲು ಗಿಡ್ಡವಾಗಿದ್ದರೆ ಅದು ಸವೆದದ್ದಲ್ಲ, ಬೇಕೆಂದೇ ಅರೆದದ್ದು. ಅದನ್ನು ಪುಶ್-ಪುಲ್ ಇನ್ವರ್ಟರಿಗೆ ಹಾಕಬೇಡಿ. ಹಾಗೆಯೇ ಗ್ಯಾಪ್ ಇಲ್ಲದ ಹೊಸ ಕೋರನ್ನು ಫ್ಲೈಬ್ಯಾಕಿಗೆ ನೇರವಾಗಿ ಹಾಕಬೇಡಿ.

ಅರೆದ ಕೋರ್ ಸಿಗದಿದ್ದರೆ ಮೂರೂ ಕಾಲುಗಳ ನಡುವೆ ಕಾಗದವೋ ಪಾಲಿಯೆಸ್ಟರ್ ಹಾಳೆಯೋ ಇಟ್ಟು ಗ್ಯಾಪ್ ಮಾಡುವುದು ವಾಡಿಕೆ. ಆಗ ಕಾಂತಮಾರ್ಗ ಹಾಳೆಯನ್ನು ಎರಡು ಸಲ ದಾಟುತ್ತದೆ, ನಡುಗಾಲಿನಲ್ಲೊಮ್ಮೆ, ಪಕ್ಕದ ಕಾಲಿನಲ್ಲೊಮ್ಮೆ. ಆದ್ದರಿಂದ 0.5 ಮಿಲಿಮೀಟರ್ ಗ್ಯಾಪಿಗೆ 0.25 ಮಿಲಿಮೀಟರ್ ಹಾಳೆ ಸಾಕು. ಪಕ್ಕದ ಕಾಲುಗಳ ಗ್ಯಾಪಿನಿಂದ ಕ್ಷೇತ್ರ ಹೊರಗೆ ಚೆಲ್ಲಿ ಹತ್ತಿರದ ಸರ್ಕ್ಯೂಟಿಗೆ ಗದ್ದಲ ತರುತ್ತದೆ ಎಂಬುದು ಈ ವಿಧಾನದ ಕೊರತೆ.

ಪರ್ಯಾಯವಾಗಿ ಪುಡಿಯ ಕೋರ್‌ಗಳಿವೆ. ಇವುಗಳಲ್ಲಿ ಗ್ಯಾಪ್ ಕಣ ಕಣಗಳ ನಡುವೆ ಹಂಚಿಕೊಂಡಿರುತ್ತದೆ. ಹಳೆಯ ಕಂಪ್ಯೂಟರ್ ಎಸ್‌ಎಂಪಿಎಸ್‌ನಲ್ಲಿ ಕಾಣುವ ಹಳದಿ ಮೈಯ, ಒಂದು ಮುಖ ಬಿಳಿಯಿರುವ ಉಂಗುರ ಕಬ್ಬಿಣದ ಪುಡಿಯದು, ಪರ್ಮಿಯಬಿಲಿಟಿ 75. ಅಗ್ಗ, ಪ್ರವಾಹ ಹೆಚ್ಚಾದರೂ ಒಮ್ಮೆಲೇ ಕುಸಿಯದೆ ನಿಧಾನವಾಗಿ ಬಗ್ಗುತ್ತದೆ. ಓವರ್‌ಲೋಡ್ ಆದಾಗ ಫೆರೈಟಿಗೆ ಇಲ್ಲದ ದೊಡ್ಡ ಗುಣ ಇದು. ಆದರೆ ನಷ್ಟ ಫೆರೈಟಿಗಿಂತ ಬಹಳ ಹೆಚ್ಚು. ಕಣಗಳನ್ನು ಹಿಡಿದಿಟ್ಟ ಅಂಟು ಬಿಸಿಗೆ ವರ್ಷಗಟ್ಟಲೆ ಒಡ್ಡಿಕೊಂಡರೆ ಹಾಳಾಗಿ ನಷ್ಟ ಇನ್ನೂ ಏರುತ್ತದೆ. ವಿಜಯಪುರದ ತಗಡಿನ ಶೆಡ್ಡಿನೊಳಗೆ ಹಗಲೆಲ್ಲ ದುಡಿಯುವ ಚಾರ್ಜ್ ಕಂಟ್ರೋಲರಿಗೆ ಆ ಹಳದಿ ಉಂಗುರವನ್ನು ನಾನು ಒಪ್ಪುವುದಿಲ್ಲ.

ಅಂಥ ಕಡೆ ಸೆಂಡಸ್ಟ್ ಕೋರ್ ಮೇಲು. ಕಬ್ಬಿಣ, ಸಿಲಿಕಾನ್, ಅಲ್ಯೂಮಿನಿಯಂ ಮಿಶ್ರಲೋಹದ ಪುಡಿ ಇದು. ಸ್ಯಾಚುರೇಶನ್ ಸುಮಾರು 1 ಟೆಸ್ಲಾ, ನಷ್ಟ ಕಬ್ಬಿಣದ ಪುಡಿಗಿಂತ ಬಹಳ ಕಡಿಮೆ, ಬಿಸಿಗೆ ಮುಪ್ಪಾಗುವ ಸಮಸ್ಯೆಯೂ ಇಲ್ಲ. ನನ್ನ ಲೆಕ್ಕದಲ್ಲಿ, ಚೋಕಿನಲ್ಲಿ ಡಿಸಿ ದೊಡ್ಡದಾಗಿ ಅದರ ಮೇಲಿನ ಏರಿಳಿತ ಚಿಕ್ಕದಾಗಿದ್ದರೆ ಸೆಂಡಸ್ಟ್. ಪ್ರವಾಹ ಪ್ರತಿ ಆವರ್ತದಲ್ಲೂ ಸೊನ್ನೆಗಿಳಿದು ಮತ್ತೆ ಏರುವಂತಿದ್ದರೆ ಗ್ಯಾಪ್ ಇರುವ ಫೆರೈಟ್.

ವಿಜಯಪುರದ ಬಿಸಿಲು ಲೆಕ್ಕಕ್ಕೆ ಬರಬೇಕು

ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ನೆರಳಿನ ತಾಪವೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಲೋಹದ ಡಬ್ಬಿಯೊಳಗೆ 60 ಎಂದಿಟ್ಟುಕೊಳ್ಳಿ. ಅದರ ಮೇಲೆ ಕೋರ್ ತಾನೇ 40 ಡಿಗ್ರಿ ಕಾಯ್ದರೆ ನೂರು ತಲುಪಿತು.

ನೂರು ಡಿಗ್ರಿಯಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದು, ಸ್ಯಾಚುರೇಶನ್ ಮಿತಿ ಇಳಿಯುತ್ತದೆ. ಎನ್87ರಲ್ಲಿ 25 ಡಿಗ್ರಿಗೆ 490 ಮಿಲಿಟೆಸ್ಲಾ ಇದ್ದದ್ದು 100 ಡಿಗ್ರಿಗೆ 390 ಆಗುತ್ತದೆ. ಬೆಳಗಾವಿಯ ಮಳೆಗಾಲದ ತಂಪಿನಲ್ಲಿ ಟೇಬಲ್ಲಿನ ಮೇಲೆ ಪರೀಕ್ಷಿಸಿ ಪಾಸಾದ ಚೋಕ್ ಬೇಸಿಗೆಯಲ್ಲಿ ವಿಜಯಪುರ ಜಿಲ್ಲೆಯ ಇಂಡಿ ಊರಿನ ತೋಟದ ಮನೆಯಲ್ಲಿ ಸ್ಯಾಚುರೇಟ್ ಆಗುವುದು ಹೀಗೆ. ಆದ್ದರಿಂದ ಲೆಕ್ಕ ಹಾಕುವಾಗ ಡೇಟಾಶೀಟಿನ 25 ಡಿಗ್ರಿಯ ಸಾಲನ್ನು ಬಿಟ್ಟು 100 ಡಿಗ್ರಿಯ ಸಾಲನ್ನೇ ಓದಬೇಕು.

ಎರಡನೆಯದು ನಷ್ಟ. ಪವರ್ ಫೆರೈಟ್‌ಗಳನ್ನು ಬಿಸಿಯಲ್ಲಿ ನಷ್ಟ ಕಡಿಮೆಯಾಗುವಂತೆಯೇ ರೂಪಿಸಿರುತ್ತಾರೆ. ಪಿಸಿ40 ದರ್ಜೆಯಲ್ಲಿ 100 ಕಿಲೋಹರ್ಟ್ಜ್, 200 ಮಿಲಿಟೆಸ್ಲಾದಲ್ಲಿ 25 ಡಿಗ್ರಿಗೆ ಘನ ಮೀಟರಿಗೆ 600 ಕಿಲೋವ್ಯಾಟ್ ಇದ್ದ ನಷ್ಟ 100 ಡಿಗ್ರಿಗೆ 410ಕ್ಕೆ ಇಳಿಯುತ್ತದೆ. ಇದು ಒಳ್ಳೆಯ ಸುದ್ದಿ, ಆದರೆ ಅಲ್ಲಿಗೆ ತಳ ಮುಟ್ಟಿತು. ಅದರಾಚೆ ಬಿಸಿ ಏರಿದಂತೆ ನಷ್ಟವೂ ಏರುತ್ತದೆ, ನಷ್ಟ ಏರಿದಂತೆ ಬಿಸಿಯೂ ಏರುತ್ತದೆ, ತಡೆಯುವವರು ಯಾರೂ ಇಲ್ಲ. ಕೋರ್ ನೂರು ಡಿಗ್ರಿಯಲ್ಲೇ ಇರಲಿ ಎಂದು ವಿನ್ಯಾಸ ಮಾಡುವುದು ತಂಪು ದೇಶದ ಕೋಣೆಗೆ ಸರಿಹೋದೀತು. ಇಲ್ಲಿ 80ಕ್ಕೆ ನಿಲ್ಲಿಸುವುದು ಕ್ಷೇಮ.

ನಿಲ್ಲಿಸುವ ದಾರಿ ಕ್ಷೇತ್ರವನ್ನು ಇಳಿಸುವುದು. ನಷ್ಟ ಕ್ಷೇತ್ರದ ಸುಮಾರು 2.5ನೇ ಘಾತದಂತೆ ಬೆಳೆಯುತ್ತದೆ. ಎನ್87ರ ಇಟಿಡಿ39 ಕೋರ್ 100 ಕಿಲೋಹರ್ಟ್ಜ್, 200 ಮಿಲಿಟೆಸ್ಲಾದಲ್ಲಿ ಸುಮಾರು 4.3 ವ್ಯಾಟ್ ನಷ್ಟ ಮಾಡುತ್ತದೆ. ಸುತ್ತುಗಳನ್ನು ಇಮ್ಮಡಿ ಮಾಡಿ ಕ್ಷೇತ್ರವನ್ನು 100ಕ್ಕೆ ಇಳಿಸಿದರೆ ನಷ್ಟ ಮುಕ್ಕಾಲು ವ್ಯಾಟಿನಷ್ಟಾಗುತ್ತದೆ. ಆದರೆ ತಂತಿಯ ನಷ್ಟ ಏರುತ್ತದೆ, ಎರಡನ್ನೂ ತೂಗಿ ನೋಡಬೇಕು. ಪಿಸಿ95ರಂತಹ ಹೊಸ ದರ್ಜೆಗಳಲ್ಲಿ ತಣ್ಣಗಿರುವಾಗಿನಿಂದ 120 ಡಿಗ್ರಿವರೆಗೆ ನಷ್ಟ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಬೆಳಿಗ್ಗೆ ತಂಪು, ಮಧ್ಯಾಹ್ನ ಬೆಂಕಿ ಎನ್ನುವ ನಮ್ಮ ಹೊಲಗಳ ಸೋಲಾರ್ ಉಪಕರಣಗಳಿಗೆ ಅಂಥ ದರ್ಜೆ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ.

ಗದ್ದಲ ಅಡಗಿಸುವ ಫೆರೈಟ್

ಬೋರ್‌ವೆಲ್ಲಿಗೆ ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಅಥವಾ ಸೋಲಾರ್ ಕಂಟ್ರೋಲರ್ ಹಾಕಿಸಿದ ಮೇಲೆ ರೇಡಿಯೋದಲ್ಲಿ ಧಾರವಾಡ ಕೇಳಿಸುವುದಿಲ್ಲ, ಬರೀ ಗರಗರ ಶಬ್ದ ಎಂದು ಹಿರಿಯರು ಬೇಸರಪಡುತ್ತಾರೆ. ಆಕಾಶವಾಣಿ ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಜ್. ವಿಎಫ್‌ಡಿ ಕೆಲವೇ ಕಿಲೋಹರ್ಟ್ಜ್‌ನಲ್ಲಿ ಸ್ವಿಚ್ ಮಾಡಿದರೂ ಅದರ ಚೂಪು ಅಲೆಗಳ ಗದ್ದಲ ಮೆಗಾಹರ್ಟ್ಜ್‌ಗಟ್ಟಲೆ ಹರಡುತ್ತದೆ. ಪಂಪಿನವರೆಗೆ ಇಳಿದ ಉದ್ದನೆಯ ಕೇಬಲ್ ಆ ಗದ್ದಲಕ್ಕೆ ಆಂಟೆನಾ ಆಗುತ್ತದೆ.

ಇದಕ್ಕೆ ಪರಿಹಾರವೆಂದು ಪ್ಲಾಸ್ಟಿಕ್ ಕವಚದ ಕ್ಲಿಪ್ ಫೆರೈಟ್ ತಂದು ಕೇಬಲ್ಲಿಗೆ ಸಿಕ್ಕಿಸುತ್ತಾರೆ, ಏನೂ ಬದಲಾಗುವುದಿಲ್ಲ. ಅಂಥ ಕ್ಲಿಪ್‌ಗಳು ಹೆಚ್ಚಾಗಿ ನಿಕ್ಕಲ್-ಸತುವಿನವು, ಅವುಗಳ ಬಲ 25 ಮೆಗಾಹರ್ಟ್ಜ್‌ಗಿಂತ ಮೇಲೆ. ಟಿವಿ, ಎಫ್‌ಎಂ, ಯುಎಸ್‌ಬಿ ಕೇಬಲ್ಲಿನ ತೊಂದರೆಗೆ ಅವು ಸರಿ. 765 ಕಿಲೋಹರ್ಟ್ಜ್‌ಗೆ ಬೇಕಾದದ್ದು 5000 ಅಥವಾ ಅದಕ್ಕಿಂತ ಹೆಚ್ಚು ಪರ್ಮಿಯಬಿಲಿಟಿಯ ಮ್ಯಾಂಗನೀಸ್-ಸತುವಿನ ದೊಡ್ಡ ಉಂಗುರ. ಪವರ್ ಟ್ರಾನ್ಸ್‌ಫಾರ್ಮರಿಗೆ ಬೇಡವೆಂದ ಆ ದರ್ಜೆಗೆ ತಕ್ಕ ಜಾಗ ಇದು. ಅದರಲ್ಲಿ ಕೇಬಲ್ಲನ್ನು ಒಮ್ಮೆ ತೂರಿಸಿದರೆ ಸಾಲದು. ಕಡಿಮೆ ಆವರ್ತನದಲ್ಲಿ ತಡೆ ಸುತ್ತಿನ ವರ್ಗದಂತೆ ಬೆಳೆಯುವುದರಿಂದ ಮೂರು ಸಲ ತೂರಿಸಿದರೆ ಒಂಬತ್ತು ಪಟ್ಟಾಗುತ್ತದೆ.

ಮೂರೂ ಫೇಸಿನ ತಂತಿಗಳನ್ನು ಒಟ್ಟಿಗೇ ಒಂದೇ ಉಂಗುರದಲ್ಲಿ ತೂರಿಸಬೇಕು. ಆಗ ಮೋಟಾರಿನ ಪ್ರವಾಹಗಳು ಒಂದನ್ನೊಂದು ರದ್ದು ಮಾಡಿಕೊಂಡು ಕೋರಿಗೆ ಗದ್ದಲ ಮಾತ್ರ ಕಾಣಿಸುತ್ತದೆ. ಒಂದೊಂದು ತಂತಿಗೆ ಒಂದೊಂದು ಉಂಗುರ ಹಾಕಿದರೆ ಲೋಡಿನ ಪ್ರವಾಹಕ್ಕೇ ಉಂಗುರ ಸ್ಯಾಚುರೇಟ್ ಆಗಿ ಕೆಲಸಕ್ಕೆ ಬಾರದಂತಾಗುತ್ತದೆ.

ರೇಡಿಯೋದೊಳಗೂ ಒಂದು ಫೆರೈಟ್ ಕಡ್ಡಿ ಇದೆ. ಅದಕ್ಕೆ ಬದಲಿ ಹುಡುಕುವಾಗ ಹೆಚ್ಚು ಪರ್ಮಿಯಬಿಲಿಟಿಯ ಕಡ್ಡಿಗಿಂತ ಉದ್ದನೆಯ ಕಡ್ಡಿಯನ್ನು ಆರಿಸಿ. ಎರಡು ತುದಿ ತೆರೆದ ಕಡ್ಡಿಯಲ್ಲಿ ಫಲ ಕೊಡುವುದು ಉದ್ದ ಮತ್ತು ದಪ್ಪದ ಅನುಪಾತ. ಕಡ್ಡಿಯ ತುದಿ ನಿಲಯದ ಕಡೆ ನೆಟ್ಟಗಿದ್ದರೆ ಧ್ವನಿ ಸೊರಗುತ್ತದೆ, ಅಡ್ಡವಾಗಿದ್ದರೆ ತುಂಬಿ ಬರುತ್ತದೆ. ಬೆಳಗಾವಿಗೆ ಧಾರವಾಡ ಆಗ್ನೇಯ ದಿಕ್ಕು, ಬಾಗಲಕೋಟೆಗೆ ನೈಋತ್ಯ. ರೇಡಿಯೋವನ್ನು ಆ ಲೆಕ್ಕದಲ್ಲಿ ತಿರುಗಿಸಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸ ಆಗುತ್ತದೆ.

ಶಾಶ್ವತ ಅಯಸ್ಕಾಂತ: ಫೆರೈಟೋ, ನಿಯೋಡಿಮಿಯಮ್ಮೋ

ಇದುವರೆಗೆ ಹೇಳಿದ್ದೆಲ್ಲ ಮೃದು ಫೆರೈಟ್. ಸ್ಟ್ರಾನ್ಷಿಯಂ ಅಥವಾ ಬೇರಿಯಂ ಸೇರಿಸಿದ ಗಟ್ಟಿ ಫೆರೈಟ್ ತನ್ನ ಕಾಂತತ್ವವನ್ನು ಬಿಟ್ಟುಕೊಡುವುದಿಲ್ಲ. ಜಾತ್ರೆಯ ಸ್ಪೀಕರಿನ ಹಿಂದಿರುವ ಕಪ್ಪು ಬಳೆ, ಬೈಕಿನ ಸ್ಟಾರ್ಟರ್ ಮೋಟಾರಿನೊಳಗಿನ ಕಮಾನು, ಅನೇಕ ಬಿಎಲ್‌ಡಿಸಿ ಫ್ಯಾನುಗಳ ಅಯಸ್ಕಾಂತ ಇದೇ.

ಬಲದಲ್ಲಿ ನಿಯೋಡಿಮಿಯಮ್ ಮುಂದೆ. ಫೆರೈಟಿನ ಉಳಿಕೆ ಕ್ಷೇತ್ರ 0.4 ಟೆಸ್ಲಾದಷ್ಟಿದ್ದರೆ ನಿಯೋಡಿಮಿಯಮ್‌ನದು 1.2 ಅಥವಾ ಅದಕ್ಕೂ ಹೆಚ್ಚು. ಶಕ್ತಿಯ ಲೆಕ್ಕದಲ್ಲಿ ಹತ್ತು ಪಟ್ಟು ಅಂತರ ಬರುತ್ತದೆ. ಹೊತ್ತು ತಿರುಗುವ ಸ್ಪೀಕರ್, ಇಯರ್‌ಫೋನ್, ಡ್ರೋನ್ ಮೋಟಾರಿಗೆ ಅದೇ ಸರಿ. ಆದರೆ ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿಗಿಂತ ಮೇಲೆ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ. ಫೆರೈಟ್ 250 ಡಿಗ್ರಿವರೆಗೂ ತಾಳುತ್ತದೆ. ಬಿಸಿಯಾದಾಗ ಅದರ ಕ್ಷೇತ್ರ ಪ್ರತಿ ಡಿಗ್ರಿಗೆ ನೂರಕ್ಕೆ 0.2ರಷ್ಟು ತಗ್ಗುವುದು ನಿಜ, ತಣಿದಾಗ ಮರಳಿ ಬರುತ್ತದೆ. ನಿಯೋಡಿಮಿಯಮ್‌ನ ನಿಕ್ಕಲ್ ಲೇಪನ ಒಡೆದರೆ ಖಾನಾಪುರದ ಮಳೆಗಾಲದ ತೇವದಲ್ಲಿ ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ಫೆರೈಟ್ ತಾನೇ ಆಕ್ಸೈಡ್ ಆದ್ದರಿಂದ ಅದಕ್ಕೆ ತುಕ್ಕಿನ ಮಾತೇ ಇಲ್ಲ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳು ಮತ್ತು ಅವುಗಳನ್ನು ಬಳಸಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ವಾಹನ ಕಂಪನಿಗಳು ಪರದಾಡಿದವು. ಫೆರೈಟಿಗೆ ಬೇಕಾದದ್ದು ಕಬ್ಬಿಣದ ಆಕ್ಸೈಡ್ ಮತ್ತು ಸ್ಟ್ರಾನ್ಷಿಯಂ ಕಾರ್ಬೊನೇಟ್, ಎರಡರಲ್ಲೂ ವಿರಳ ಭೂಧಾತು ಇಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ಚಿಕ್ಕ ಮೋಟಾರ್, ಮ್ಯಾಗ್ನೆಟಿಕ್ ಸೆಪರೇಟರ್ ಮಾಡಲು ಹೊರಟವರು ಜಾಗಕ್ಕೆ ಕೊರತೆ ಇಲ್ಲದಿದ್ದರೆ ಫೆರೈಟಿನಿಂದಲೇ ವಿನ್ಯಾಸ ಆರಂಭಿಸಲಿ ಎಂಬುದು ನನ್ನ ಆಗ್ರಹ.

ಆಕಾರ ಮತ್ತು ಖರೀದಿ

ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಇ ಅಗ್ಗ, ಎಲ್ಲೆಡೆ ಸಿಗುತ್ತದೆ. ಇಟಿಡಿಯ ನಡುಗಾಲು ದುಂಡಗಿರುವುದರಿಂದ ದಪ್ಪ ತಂತಿ ಸುತ್ತಲು ಹಿತ. ಉಂಗುರದಿಂದ ಕ್ಷೇತ್ರ ಹೊರಚೆಲ್ಲುವುದು ಅತಿ ಕಡಿಮೆ, ಆದರೆ ಕೈಯಿಂದ ಸುತ್ತುವುದು ತ್ರಾಸದ ಕೆಲಸ, ಗ್ಯಾಪ್ ಕೊಡುವುದೂ ಸುಲಭವಲ್ಲ.

ಬೆಳಗಾವಿಯಲ್ಲಿ ಬೇಕಾದ ದರ್ಜೆ ಸಿಗದಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಎರಡೂ ರಾತ್ರಿ ಬಸ್ಸಿನ ದೂರದಲ್ಲಿವೆ. ಹಿಮಾಚಲ ಪ್ರದೇಶದ ಜಬ್ಲಿಯಲ್ಲಿರುವ ಕಾಸ್ಮೋ ಫೆರೈಟ್ಸ್‌ನಂತಹ ದೇಶೀ ತಯಾರಕರೂ ಇದ್ದಾರೆ. ಎಲ್ಲಿಂದ ತಂದರೂ ಅಳತೆ, ದರ್ಜೆ, ಗ್ಯಾಪ್ ಈ ಮೂರನ್ನೂ ಬರೆದು ಕೊಟ್ಟು ಕೇಳಿ, ಬಿಲ್ಲಿನಲ್ಲಿ ದರ್ಜೆಯ ಹೆಸರು ಬರೆಸಿಕೊಳ್ಳಿ. ಕೊರಿಯರಿನಲ್ಲಿ ಬಂದ ಕೋರನ್ನು ಸುತ್ತುವ ಮೊದಲೇ ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕಿದೆಯೇ ನೋಡಿ. ಬಿರುಕು ಬಿಟ್ಟ ಕೋರ್ ಎಂದರೆ ನೀವು ಕೇಳದೆಯೇ ಬಂದ ಗ್ಯಾಪ್. ಹತ್ತು ಸುತ್ತು ಹಾಕಿ ಅಳೆದು, ಬಂದ ಅಂಕಿಯನ್ನು ಕೋರಿನ ಡಬ್ಬಿಯ ಮೇಲೆ ಬರೆದಿಡಿ. ಮುಂದಿನ ಸಲ ಅದೇ ಅಂಗಡಿಯಿಂದ ಬೇರೆ ಸರಕು ಬಂದರೆ ಅಳೆದ ಕೂಡಲೇ ಗೊತ್ತಾಗುತ್ತದೆ.